ಎಲ್ಲಿಗೆ ಎಂದು ಕೇಳುವ ಬಾಗಿಲು

ಆ ಊರಿಗೆ ನಾಲ್ಕು ಬಾಗಿಲುಗಳಿದ್ದವು. ಮೂರನ್ನು ಬಿಟ್ಟುಬಿಡಿ. ಒಂದರಲ್ಲಿ ದನಗಳು ಬರುತ್ತಿದ್ದವು, ಒಂದರಲ್ಲಿ ಕಟ್ಟಿಗೆ, ಇನ್ನೊಂದರಲ್ಲಿ ನೆಂಟರು. ಹೇಳಿಕೊಳ್ಳುವಂಥದ್ದೇನೂ ಅಲ್ಲ. ನಾಲ್ಕನೆಯದು ಪಡುವಣ ಬಾಗಿಲು. ಅದರಾಚೆ ಸಮುದ್ರವಿದೆ, ಸಮುದ್ರದ ಮಗ್ಗುಲಿಗೇ ಒಂದು ರಸ್ತೆಯಿದೆ, ಆ ರಸ್ತೆ ಗುಡ್ಡ ಹತ್ತುವಾಗಲೂ ಇಳಿಯುವಾಗಲೂ ನೀರಿನ ಅಂಚನ್ನು ಬಿಡುವುದಿಲ್ಲ, ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದುಬಿಡಬಹುದು ಎಂದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿತ್ತು ಅಷ್ಟೆ.

ಪಡುವಣ ಬಾಗಿಲಿಗೆ ಅಕ್ಕಪಕ್ಕ ತೆರೆಯುವ ಎರಡು ಮರದ ಪಡಿಗಳು. ಅದರ ಬುಡದಲ್ಲಿ ಬಾಗಿಲಜ್ಜಿ ಕೂತಿರುತ್ತಿದ್ದಳು. ತೆಂಗಿನ ಗರಿ ಸೀಳಿ, ಕಡ್ಡಿ ತೆಗೆದು, ಕಸ ಗುಡಿಸುವ ಹಿಡಿಸೂಡಿ ಕಟ್ಟುವುದು ಅವಳ ಕೆಲಸ. ಯಾರಾದರೂ ಹತ್ತಿರ ಬಂದರೆ ತಲೆಯೆತ್ತದೆ ಒಂದೇ ಮಾತು ಕೇಳುವುದು ಅವಳ ಇನ್ನೊಂದು ಕೆಲಸ. "ಎಲ್ಲಿಗೆ?"

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ನಮ್ಮ ನಿಮ್ಮ ಮನೆಗಳಲ್ಲೂ ಕೇಳುವುದಿಲ್ಲ, ಬಾಯಿಗೆ ಬಂದರೂ ನುಂಗಿಕೊಂಡು 'ದೂರವೋ' ಎನ್ನುತ್ತೇವೆ. ಅಜ್ಜಿ ಮಾತ್ರ ಕೇಳುತ್ತಿದ್ದಳು. ಉತ್ತರ ಇದ್ದವರಿಗೆ ಬಾಗಿಲು ತೆರೆಯುತ್ತಿತ್ತು, ಆದರೆ ತೆರೆದರೆ ಎದುರಿಗೆ ಒಂದು ಗೋಡೆ. ಉತ್ತರವಿಲ್ಲದವರಿಗೆ ಮಾತ್ರ ಅಲ್ಲಿ ರಸ್ತೆ. ಇದು ಗುಟ್ಟೇನೂ ಆಗಿರಲಿಲ್ಲ. ಊರಿನವರು ಎಷ್ಟೋ ಸಲ ತುಟಿ ಬಿಗಿದುಕೊಂಡು ಹೋಗಿ ನಿಂತಿದ್ದರು, ತಲೆಯಾಡಿಸಿದ್ದರು, ಮೂಗರ ಹಾಗೆ ಕೈಸನ್ನೆ ಮಾಡಿದ್ದರು. ಬಾಗಿಲು ಕೇಳಿಸಿಕೊಳ್ಳುತ್ತಿದ್ದುದು ಬಾಯನ್ನಲ್ಲ. ಹೊಟ್ಟೆಯೊಳಗೆ ಉತ್ತರ ಮಡಚಿಟ್ಟುಕೊಂಡವರಿಗೂ ಗೋಡೆಯೇ.

ಇಷ್ಟಕ್ಕೂ ಒಂದು ರಸ್ತೆಗಾಗಿ ಅಷ್ಟೊಂದು ಹಂಬಲ ಯಾಕೆ ಅಂದರೆ, ಆ ಊರಿನವರಿಗೆ ಜೋಮು ಹಿಡಿಯುತ್ತಿತ್ತು, ಆ ರಸ್ತೆಯಲ್ಲಿ ಹೋಗಿ ಬಂದವರಿಗೆ ಬಿಡುತ್ತಿತ್ತು. ನಾವು ಕಾಲು ಮಡಚಿ ಕೂತರೆ ಹಿಡಿದು, ಕೊಡವಿಕೊಂಡರೆ ಬಿಡುವ ಜೋಮಲ್ಲ ಇದು. ಮದುವೆಯ ವಯಸ್ಸಿಗೆ ಬೆರಳ ತುದಿಯಲ್ಲಿ ಶುರುವಾಗುತ್ತಿತ್ತು. ಅಲ್ಲಿಂದ ಮಣಿಕಟ್ಟು, ಮೊಣಕೈ, ಹೆಗಲು. ಕೊರಳಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಎದೆಗೆ ಬಂದರೆ ಮನುಷ್ಯ ನಿಂತಲ್ಲೇ ನಿಂತುಬಿಡುತ್ತಿದ್ದ. ಸಾಯುತ್ತಿರಲಿಲ್ಲ, ನಿಲ್ಲುತ್ತಿದ್ದ. ಹಾಗೆ ನಿಂತವರನ್ನು ಮನೆಯವರು ಜಗಲಿಯ ಮೂಲೆಗೆ ಆನಿಸಿ, ದಿನಕ್ಕೊಮ್ಮೆ ಧೂಳು ಒರೆಸುತ್ತಿದ್ದರು. ಒರೆಸುವವರಿಗೆ ಅಳು ಬರುತ್ತಿರಲಿಲ್ಲ. ಬರಬೇಕಾದ ಜಾಗದಲ್ಲಿ ಅವರಿಗೂ ಜೋಮು.

ಆದ್ದರಿಂದ ಪ್ರತಿ ಮನೆಯ ಬಚ್ಚಲಿನ ಪಕ್ಕದಲ್ಲಿ ಒಂದು ಬಸಳೆ ಚಪ್ಪರವಿರುತ್ತಿತ್ತು. ತಿನ್ನುವುದಕ್ಕಲ್ಲ. ಸ್ನಾನಕ್ಕೆ ಮುಂಚೆ ಒಂದು ಎಲೆ ಕಿತ್ತು ಹಂಡೆಗೆ ಹಾಕುವುದು, ಹತ್ತು ಎಣಿಸುವುದು. ಎಲೆ ಮುದುಡಿದರೆ ನೀರು ಸುಡುತ್ತದೆ, ತಣ್ಣೀರು ಬೆರೆಸಬೇಕು. ಮುದುಡದಿದ್ದರೆ ಮೈಗೆ ಹಾಕಿಕೊಳ್ಳಬಹುದು. ಕೈಗೆ ಗೊತ್ತಾಗದ್ದನ್ನು ಎಲೆ ಹೇಳುತ್ತಿತ್ತು. ಪ್ರತಿ ಮನೆಯ ಬಾಗಿಲ ಚೌಕಟ್ಟಿನ ಮೊಳೆಗೆ ಒಂದು ಬೆತ್ತದ ಬುಟ್ಟಿಯೂ ತೂಗುತ್ತಿತ್ತು. ಅದರಲ್ಲಿ ಅವಲಕ್ಕಿ, ಬೆಲ್ಲದುಂಡೆ, ಒಂದು ಕೊಡೆ, ಒಗೆದ ಪಂಚೆ. ಪಡುವಣ ರಸ್ತೆ ಯಾವತ್ತು ಸಿಕ್ಕರೂ ಹೊರಡುವುದಕ್ಕೆ ತಯಾರಿರಬೇಕಲ್ಲ. ಅಮಾವಾಸ್ಯೆಗೊಮ್ಮೆ ಊರಿಗೆ ಊರೇ ಬುಟ್ಟಿ ಹಿಡಿದುಕೊಂಡು ಬಾಗಿಲಿನವರೆಗೆ ಹೋಗುತ್ತಿತ್ತು. ಅಜ್ಜಿ ಕೇಳುತ್ತಿದ್ದಳು. ಬಾಗಿಲು ತೆರೆಯುತ್ತಿತ್ತು. ಗೋಡೆ ನೋಡಿ, ಮನೆಗೆ ಬಂದು, ಅವಲಕ್ಕಿ ತಿಂದು, ಮಾರನೆಯ ದಿನ ಹೊಸ ಅವಲಕ್ಕಿ ತುಂಬಿಸಿಡುತ್ತಿದ್ದರು. ಆ ಬುಟ್ಟಿ ತಾನೇ ಒಂದು ಉತ್ತರ ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಮೊಳೆಯಿಂದ ಇಳಿಸುವ ಧೈರ್ಯ ಯಾರಿಗಿತ್ತು?

ಅಲ್ಲೊಬ್ಬರು ಇಲ್ಲೊಬ್ಬರು ಹೋಗಿ ಬಂದವರಿದ್ದರು. ಅವರ ಮನೆಯಲ್ಲಿ ಸ್ನಾನಕ್ಕೆ ಎಲೆ ಹಾಕುತ್ತಿರಲಿಲ್ಲ, ಅದೇ ಗುರುತು. ಹೇಗೆ ಹೋದಿರಿ ಎಂದು ಕೇಳಿದರೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದರು. ಊರು ಅವರಿಗೆ ಜಂಬದವರು ಎಂದು ಹೆಸರಿಟ್ಟಿತ್ತು. ಹಾಗೆ ಹೆಸರಿಟ್ಟವನು ಗಂಟೆಯಾತ.

ಈಗ ನಮ್ಮ ಗಂಟೆಯಾತನ ವಿಷಯಕ್ಕೆ ಬರೋಣ. ನಲವತ್ತು ವರ್ಷ ಅವನು ಊರ ಗೋಪುರದ ಗಂಟೆ ಹೊಡೆದವನು. ಹಸಿವು ಯಾವಾಗ, ನಿದ್ದೆ ಯಾವಾಗ ಎಂದು ಮೈಗೆ ತಿಳಿಯದ ಊರಿನಲ್ಲಿ ಗಂಟೆಯೇ ಹೊಟ್ಟೆ, ಗಂಟೆಯೇ ಕಣ್ಣೆವೆ. ಒಂದು ಹೊಡೆತಕ್ಕೆ ಏಳುವರು, ಎರಡಕ್ಕೆ ಉಣ್ಣುವರು, ಮೂರಕ್ಕೆ ಮಲಗುವರು. ಅರವತ್ತು ತುಂಬಿದ ದಿನ ಹಾರ ಹಾಕಿ, ಹಗ್ಗವನ್ನು ಇನ್ನೊಬ್ಬನ ಕೈಗೆ ಕೊಟ್ಟು, ಇವನನ್ನು ಮನೆಗೆ ಕಳಿಸಿದರು. ಬೇರೆಯವರಾಗಿದ್ದರೆ ಮಂಕಾಗುತ್ತಿದ್ದರೇನೋ. ಇವನಿಗೆ ಹಿಡಿಸಲಾರದಷ್ಟು ಖುಷಿ. ಬೆಳಿಗ್ಗೆ ಎದ್ದರೆ ಮಾತಾಡುವುದಕ್ಕೆ ಇಡೀ ದಿನ ಬಿದ್ದಿರುತ್ತಿತ್ತು. ಬಾವಿಕಟ್ಟೆಯಲ್ಲಿ ಮಾತು, ಕ್ಷೌರದಂಗಡಿಯಲ್ಲಿ ಮಾತು, ಯಾರೂ ಸಿಗದಿದ್ದರೆ ಜಗಲಿಗೆ ಆನಿಸಿಟ್ಟ ನಿಂತವರ ಹತ್ತಿರ ಮಾತು. ಅವರು ನಡುವೆ ಬಿಟ್ಟುಹೋಗುವುದಿಲ್ಲವಲ್ಲ. ಊರಿಗೆಲ್ಲ ಜೋಮು ಹಿಡಿದರೂ ತನಗೆ ಹಿಡಿದಿಲ್ಲ ಎಂದು ಅವನ ನಂಬಿಕೆ. ಹಿಡಿದವನು ಇಷ್ಟು ಮಾತಾಡುವುದು ಸಾಧ್ಯವೇ?

ಅವನ ಹೆಂಡತಿಗೆ ಜೋಮು ಕತ್ತಿನ ಬುಡಕ್ಕೆ ಬಂದಿತ್ತು. ಈಗೀಗ ತಿಂಗಳಿಗೆ ಒಂದು ಬೆರಳಗಲ ಏರುತ್ತಿತ್ತು. ಅಮಾವಾಸ್ಯೆಯಂದು ಅವನು ತನ್ನ ತೋರುಬೆರಳನ್ನು ಅವಳ ಕೊರಳಿಗೆ ಅಡ್ಡ ಹಿಡಿದು, "ಇಲ್ಲಿ ಗೊತ್ತಾಗ್ತದಾ? ಇಲ್ಲಿ?" ಎಂದು ಅಳೆಯುತ್ತಿದ್ದ. ಮೊನ್ನೆಯ ಅಮಾವಾಸ್ಯೆಗೆ ಧ್ವನಿ ಹುಟ್ಟುವ ಜಾಗಕ್ಕೆ ಎರಡೇ ಬೆರಳು ಉಳಿದಿತ್ತು. ಅವಳು, "ಮುಗೀತು ಬಿಡಿ, ಇನ್ನು ನಿಮಗೆ ಎದುರು ಮಾತಾಡುವವರೇ ಇಲ್ಲ, ಆರಾಮ," ಎಂದಳು. ಇಬ್ಬರೂ ನಕ್ಕರು. ಆಮೇಲೆ ಅವನು ಬುಟ್ಟಿಯ ಅವಲಕ್ಕಿ ಬದಲಾಯಿಸಿದ.

ಒಂದು ಬೆಳಿಗ್ಗೆ ಅವಳು ಅಕ್ಕಿ ತುಂಬಿದ ತಗಡಿನ ಡಬ್ಬಿ ಕೊಟ್ಟು, "ಗಿರಣಿಗೆ ಹೋಗಿ ನಯ ಹಿಟ್ಟು ಮಾಡಿಸಿಕೊಂಡು ಬನ್ನಿ. ಸಿಕ್ಕಸಿಕ್ಕವರ ಹತ್ತಿರ ಬಾಯಿ ಹಾಕ್ತಾ ನಿಲ್ಲಬೇಡಿ," ಎಂದಳು. ಅವನು ಬಾಯಿ ಹಾಕುತ್ತಲೇ ಹೊರಟ. ಡಬ್ಬಿಯ ಮುಚ್ಚಳ ಜಗಲಿಯ ಮೇಲೇ ಉಳಿಯಿತು.

ಗಿರಣಿಯ ತಿರುವಿನಲ್ಲಿ ಚರಂಡಿಯಿಂದ ಒಂದು ಏಡಿ ಹತ್ತಿ ಬಂತು. ಬೆಳ್ಳಗೆ, ಗೋಲಿಯಷ್ಟು ದೊಡ್ಡ ಕಣ್ಣುಗಳನ್ನು ಕಡ್ಡಿಯ ಮೇಲೆ ಎತ್ತಿ ಹಿಡಿದುಕೊಂಡು ಬಂತು. ಆ ಊರಿನ ಬೀದಿಯಲ್ಲಿ ಏಡಿಯನ್ನು ಕಂಡವರಿಲ್ಲ. "ಓಹೋ, ಸವಾರಿ ಬಂತು," ಎಂದ ಗಂಟೆಯಾತ. ಏಡಿ ಅಡ್ಡಡ್ಡ ನಡೆಯಿತು. "ಅಲ್ಲ ಮಾರಾಯ, ಮುಖ ಒಂದು ಕಡೆ, ನಡಿಗೆ ಒಂದು ಕಡೆ, ಹೀಗಾದರೆ ಮನೆ ಸೇರುದು ಯಾವಾಗ?" ಏಡಿ ಇನ್ನೂ ಅಡ್ಡ ನಡೆಯಿತು. ಇವನೂ ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು, ಅದಕ್ಕೆ ತನ್ನ ಗೋಪುರದ ಕಥೆ ಹೇಳುತ್ತ, ಗೊತ್ತಿಲ್ಲದೆಯೇ ತಾನೂ ಅಡ್ಡಡ್ಡ ನಡೆಯುತ್ತ ಹೋದ. ಮೂರು ಬೀದಿ ದಾಟಿದ. ಕಥೆ ಹನ್ನೆರಡನೆಯ ವರ್ಷಕ್ಕೆ ಬಂದಾಗ ಏಡಿ ಒಂದು ಸಂದಿಗೆ ನುಗ್ಗಿ ಕಾಣದಾಯಿತು. ತಲೆಯೆತ್ತಿದರೆ ಬಾಗಿಲಜ್ಜಿ.

"ಎಲ್ಲಿಗೆ?" ಎಂದಳು ಅಜ್ಜಿ.

ಗಂಟೆಯಾತ ಬಾಯಿ ತೆರೆದ. ಅವನ ಬಾಯಿ ಹಾಗೆ ತೆರೆದು ಖಾಲಿ ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಡಬ್ಬಿ ನೋಡಿದ, ಅಕ್ಕಿ ನೋಡಿದ, ಸಂದಿ ನೋಡಿದ. ಗಿರಣಿ ತಲೆಯಿಂದ ಅಳಿಸಿಹೋಗಿತ್ತು. ಏಡಿಯ ಹಿಂದೆ ಬಂದೆ ಅನ್ನೋಣವೆಂದರೆ ಏಡಿಯೂ ಇಲ್ಲ. "ಅದೇ... ಎಲ್ಲಿಗೆ ಹೊರಟಿದ್ದೆ ನಾನು?" ಎಂದು ಅಜ್ಜಿಯನ್ನೇ ಕೇಳಿದ.

ಬಾಗಿಲಿನ ಒಂದು ಪಡಿ ತೆರೆಯಿತು.

ಗೋಡೆ ಇರಲಿಲ್ಲ. ಹೊಸಿಲಿನಾಚೆ ಕೆಂಪು ಮಣ್ಣಿನ ರಸ್ತೆ, ಅದರಾಚೆ ಗಾಳಿಮರಗಳ ಒಂದು ಸಾಲು, ಅದರಾಚೆ ಇಡೀ ಕಣ್ಣಿಗೆ ಆಗುವಷ್ಟು ನೀರು. ಅವನು ಒಂದು ಕಾಲನ್ನು ಆಚೆ ಇಟ್ಟ. ಇನ್ನೊಂದನ್ನು ಎತ್ತಿದವನು ಹಾಗೇ ಕೆಳಗಿಟ್ಟ. ಹೆಂಡತಿಯ ಕೊರಳಿನ ಎರಡು ಬೆರಳು ನೆನಪಾಯಿತು.

"ಒಂದು ಗಳಿಗೆ ಅಜ್ಜಿ, ಓಡಿಹೋಗಿ ಅವಳನ್ನು ಕರ್ಕೊಂಡು ಬರ್ತೇನೆ."

"ಕರ್ಕೊಂಡು ಬಂದರೆ ಅವಳಿಗೆ ಉತ್ತರ ಗೊತ್ತಿರ್ತದೆ," ಎಂದಳು ಅಜ್ಜಿ, ಕಡ್ಡಿ ಸೀಳುತ್ತ. "ಕಾಲು ಒಳಗೆ ತೆಗೆದರೆ ನಿನಗೂ ಇನ್ನು ಗೋಡೆಯೇ. ಕಾಲು ಆಚೆ ಇರುವಷ್ಟು ಹೊತ್ತು ತೆರೆದಿರ್ತದೆ."

"ಹಾಗಾದರೆ ಒಬ್ಬನೇ ಹೋಗ್ಲಾ?"

"ಅದು ನಾನು ಕೇಳುವ ಪ್ರಶ್ನೆ ಅಲ್ಲ."

ಗಂಟೆಯಾತ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ನಿಂತ. ನಲವತ್ತು ವರ್ಷ ಗಂಟೆಯ ಕೆಳಗೆ ನಿಂತವನಿಗೆ ನಿಲ್ಲುವುದು ಕಷ್ಟವಲ್ಲ. ಬಿಸಿಲು ಒಂದು ಗೇಣು ಸರಿಯಿತು. ಅಜ್ಜಿ ಒಂದು ಹಿಡಿಸೂಡಿ ಕಟ್ಟಿ ಮುಗಿಸಿದಳು. ಬೆನ್ನಿಗೆ ಉಪ್ಪಿನ ಗಾಳಿ ಹೊಡೆಯುತ್ತಿತ್ತು, ಮುಖಕ್ಕೆ ಊರಿನ ಗಾಳಿ. ಹೋಗಲೂ ಆರದೆ ಬರಲೂ ಆರದೆ ಡಬ್ಬಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುವಾಗ ಅದರ ತೆರೆದ ಬಾಯಿ ಕಂಡಿತು. ಮುಚ್ಚಳ ಎಲ್ಲಿ? ಜಗಲಿಯ ಮೇಲೆ.

ಅವನಿಗೆ ತನ್ನ ಹೆಂಡತಿ ಗೊತ್ತಿತ್ತು. ಅವಳ ಕೈಗೆ ಬೆಂಕಿ ನೀರು ಯಾವುದೂ ತಿಳಿಯುತ್ತಿರಲಿಲ್ಲ. ಆದರೆ ಮುಚ್ಚಳವಿಲ್ಲದ ಡಬ್ಬಿ ಊರಿನಲ್ಲಿ ಎಲ್ಲೋ ತಿರುಗುತ್ತಿದೆ ಎಂದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅವಳು ಬಂದಳು. ಬೀದಿಯ ತುದಿಯಲ್ಲಿ, ಮುಚ್ಚಳವನ್ನು ತೊಡೆಗೆ ಬಡಿದುಕೊಳ್ಳುತ್ತ, ಎದುರಾದವರನ್ನೆಲ್ಲ "ನಮ್ಮವರನ್ನು ಕಂಡ್ರಾ?" ಎಂದು ಕೇಳುತ್ತ ಬಂದಳು. ದೂರದಿಂದಲೇ ಶುರುಮಾಡಿದಳು. "ಗಿರಣಿ ಎಲ್ಲಿ, ನೀವೆಲ್ಲಿ? ಈ ಮುಚ್ಚಳ ಯಾರು ತರುದು, ನಿಮ್ಮ ಅಜ್ಜನಾ?"

ಬಾ, ರಸ್ತೆ ಸಿಕ್ಕಿತು ಮಾರಾಯ್ತಿ, ಬಾ. ಮಾತು ಗಂಟಲಿಗೆ ಬಂದು ಹಲ್ಲಿಗೆ ಬಡಿಯಿತು. ಹೇಳಿದರೆ ಮುಗಿಯಿತು. ಅವನು ಮೈಯೊರೆಸುವ ಬಟ್ಟೆಯನ್ನು, ಹೆಗಲಿನ ಬೈರಾಸನ್ನು, ಮುದ್ದೆಮಾಡಿ ಬಾಯಿಗೆ ತುರುಕಿಕೊಂಡ. ಹಿಂದಿನ ನೀರು ಅವಳಿಗೆ ಕಾಣದ ಹಾಗೆ ತೆರೆದ ಪಡಿಯ ತುಂಬ ಅಗಲವಾಗಿ ನಿಂತ. ಹುಟ್ಟಿದಾಗಿನಿಂದ ಒಳಗಿದ್ದ ಮಾತೆಲ್ಲ ಒಟ್ಟಿಗೆ ಹೊರಗೆ ಬರಲು ನೂಕುತ್ತಿತ್ತು. ಅವನು ಬೈರಾಸನ್ನು ಇನ್ನೂ ಒಳಗೆ ತಳ್ಳಿದ.

"ಬಾಯಲ್ಲಿ ಎಂತ ಅದು? ಬೈರಾಸಾ?" ಅವಳು ಹತ್ತಿರ ಬಂದಳು. "ನಲವತ್ತು ವರ್ಷ ಹೇಳಿದೆ ಬಾಯಿ ಮುಚ್ಚಿ ಅಂತ. ಮುಚ್ಚುದು ಹೀಗಾ? ಎಲ್ಲಿಗೆ ಹೊರಟು ನಿಂತಿದ್ದೀರಿ ಹೇಳಿ." ಅವನು ತಲೆಯಾಡಿಸಿದ. "ಹೇಳುದಿಲ್ಲವಾ?" ತಲೆಯಾಡಿಸಿದ. "ಸರಿ ಹೋಯ್ತು," ಎಂದಳು ಅವಳು, ಬಾಗಿಲಜ್ಜಿಯ ಕಡೆ ತಿರುಗಿ, "ಇವರಿಗೆ ಏನೋ ಆಗಿದೆ."

"ಎಲ್ಲಿಗೆ?" ಎಂದಳು ಅಜ್ಜಿ.

"ನನ್ನನ್ನು ಕೇಳಿದರೆ? ಇವರು ಎಲ್ಲಿಗೆ ಅಂತ ಇವರಿಗೇ ಗೊತ್ತಿಲ್ಲ, ಇನ್ನು ನನಗೆ ಎಂತ ಗೊತ್ತು?"

ಬಾಗಿಲಿನ ಇನ್ನೊಂದು ಪಡಿ ತೆರೆಯಿತು.

ಆಚೆ ಒಂದು ಬಸ್ಸು ನಿಂತಿತ್ತು. ಮೇಲೆ ಚಾವಣಿ, ಕೆಳಗೆ ಬೆಂಚು, ಬದಿಗಳೇ ಇಲ್ಲ. ಡ್ರೈವರ ಹಿಂದೆ ತಿರುಗಿ ನೋಡಲಿಲ್ಲ. "ಮಾತು ನಿಂತಲ್ಲಿ ಬಸ್ಸು ನಿಲ್ತದೆ. ದೀಪ ಹಚ್ಚುವ ಹೊತ್ತಿಗೆ ವಾಪಸು ಬಿಡ್ತೇನೆ," ಎಂದ. ಇಬ್ಬರೂ ಹತ್ತಿದರು. ಸಮುದ್ರದ ಕಡೆಯ ಬೆಂಚಿನಲ್ಲಿ ಕೂತರು. ನಡುವೆ ಡಬ್ಬಿ, ಡಬ್ಬಿಯ ಮೇಲೆ ಮುಚ್ಚಳ.

ಬೈರಾಸು ಕಿತ್ತದ್ದೇ ತಡ, ಗಂಟೆಯಾತ ಶುರುಮಾಡಿದ. ಏಡಿಯ ಕಥೆ, ಅಜ್ಜಿಯ ಕಥೆ, ತಾನು ನಿಂತ ಕಥೆ. ಬಸ್ಸು ಗುಡ್ಡ ಹತ್ತಿತು, ಇಳಿಯಿತು. ಅವಳು ಕೇಳಿಸಿಕೊಳ್ಳಲಿಲ್ಲ. ನೀರು ನೋಡುತ್ತಿದ್ದಳು. "ಏನಾದರೂ ಅನ್ನಿಸ್ತದಾ?" ಎಂದು ಕೇಳಿದ. "ಇಲ್ಲ. ಬಹಳ ನೀರುಂಟು," ಎಂದಳು. ಅಷ್ಟೆ. ಮುಖದಲ್ಲಿ ಏನೂ ಇರಲಿಲ್ಲ. ಅವನು ಮತ್ತೆ ಮಾತಾಡಿದ. ಎಡಕ್ಕೆ ದೀಪಸ್ತಂಭ ಹಿಂದೆ ಸರಿಯಿತು, ಬಲೆ ಹರವಿದ ಮರಳು ಹಿಂದೆ ಸರಿಯಿತು, ಬಂಡೆಯ ಮೇಲೆ ಸಾಲಾಗಿ ಕೂತ ಬಿಳಿ ಹಕ್ಕಿಗಳು ಹಿಂದೆ ಸರಿದವು. ಅವನಿಗೂ ಏನೂ ಅನ್ನಿಸುತ್ತಿರಲಿಲ್ಲ. ಇಷ್ಟು ಚೆಂದ ಇರುವಾಗ ಏನಾದರೂ ಅನ್ನಿಸಬೇಕಲ್ಲ ಎಂದು ಅವನು ಇನ್ನೂ ಜೋರಾಗಿ ಮಾತಾಡಿದ.

ಹೊಳೆಯೊಂದು ಸಮುದ್ರಕ್ಕೆ ಸೇರುವ ಕಡೆ ಉದ್ದದ ಸೇತುವೆ. ಒಂದು ಕಡೆ ಹೊಳೆ ಹಸಿರು, ಇನ್ನೊಂದು ಕಡೆ ಸಮುದ್ರ ನೀಲಿ, ನಡುವೆ ಒಂದು ಗೆರೆ, ಗೆರೆ ಆ ಕಡೆ ಈ ಕಡೆ ಅಲುಗುತ್ತಿತ್ತು. ಗಂಟೆಯಾತ ಒಂದು ವಾಕ್ಯದ ಮಧ್ಯದಲ್ಲಿದ್ದ. ಆ ವಾಕ್ಯ ಅಲ್ಲೇ ಉಳಿಯಿತು. ಬಸ್ಸು ನಿಂತಿತು.

ಸೂರ್ಯ ನೆತ್ತಿಗೆ ಬಂದಿದ್ದ. ಊರಿನಲ್ಲಾಗಿದ್ದರೆ ಎರಡು ಹೊಡೆತ ಬೀಳುವ ಹೊತ್ತು. ಇಲ್ಲಿ ಗಂಟೆಯಿಲ್ಲ. "ತಿನ್ನುವುದಕ್ಕೆ ಎಂತ ಉಂಟು?" ಎಂದ ಅವನು. "ಬುಟ್ಟಿ ಮನೆಯಲ್ಲಿ ತೂಗ್ತಾ ಉಂಟು," ಎಂದಳು. ನಲವತ್ತು ವರ್ಷ ಅವಲಕ್ಕಿ ತುಂಬಿಸಿಟ್ಟವರು ಕಡೆಗೆ ಬರಿಗೈಯಲ್ಲಿ ಬಂದಿದ್ದರು. ಅವಳು ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಅಕ್ಕಿಯನ್ನು ಅವನ ಕೈಗೆ ಹಾಕಿದಳು.

"ಹಸಿ ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರ್ತದಂತೆ," ಎಂದ ಅವನು.

"ಅದು ಆಗಿಹೋಯ್ತಲ್ಲ. ಇನ್ನು ಎಂತ ಹೆದರಿಕೆ, ತಿನ್ನಿ."

ಅವನು ಅಗಿದ. ಮೊದಲು ಮರಳು ಅಗಿದ ಹಾಗಿತ್ತು. ಆಮೇಲೆ ತುಟಿಯ ಮೇಲೆ ಗಾಳಿ ತಂದಿಟ್ಟ ಉಪ್ಪು ನಾಲಿಗೆಗೆ ತಾಗಿತು, ಅದರ ಹಿಂದೆ ಹಾಲಿನಂಥ ಒಂದು ಸಿಹಿ ನಿಧಾನವಾಗಿ ಬಿಟ್ಟಿತು. ಅವನು ಅಗಿಯುವುದನ್ನು ನಿಲ್ಲಿಸಿದ. ನಾಲಿಗೆಯನ್ನು ಹಲ್ಲಿಗೆ ಒತ್ತಿ ನೋಡಿದ. ಇಷ್ಟು ವರ್ಷ ಅವಳು ಮಾಡಿ ಬಡಿಸಿದ ಒಂದು ಸಾರಿನ ರುಚಿಯಾದರೂ ನೆನಪಿದೆಯೇ ಎಂದು ಹುಡುಕಿದ. ಒಂದೂ ಇರಲಿಲ್ಲ. ಚೆನ್ನಾಗಿದೆ ಚೆನ್ನಾಗಿದೆ ಎಂದು ಎರಡು ಹೊತ್ತೂ ಹೇಳಿದ್ದಷ್ಟೇ ಇತ್ತು. ಜೋಮು ಅವನಿಗೂ ಹಿಡಿದಿತ್ತು. ಎಲ್ಲರಿಗೂ ಬೆರಳಲ್ಲಿ ಶುರುವಾದರೆ ಅವನಿಗೆ ನಾಲಿಗೆಯಲ್ಲಿ. ಅಲ್ಲಾಡುತ್ತಲೇ ಇದ್ದದ್ದರಿಂದ ಗೊತ್ತಾಗಿರಲಿಲ್ಲ.

ಅವನು ಅದನ್ನು ಹೇಳಬೇಕೆಂದು ಅವಳ ಕಡೆ ತಿರುಗಿದಾಗ ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತಿದ್ದಳು.

"ಎಂತಾಯ್ತು?"

"ಉರೀತಾ ಉಂಟು."

"ಎಲ್ಲಿ?"

"ಎಲ್ಲ ಕಡೆ."

ಅವಳ ಕೈಗಳ ತುಂಬ ಕಲೆಗಳಿದ್ದವು. ಬೆಳ್ಳಗೆ, ಕಂದು ಬಣ್ಣಕ್ಕೆ, ನುಣ್ಣಗೆ. ಆ ಊರಿನ ಎಲ್ಲ ಹೆಂಗಸರ ಕೈಯಲ್ಲೂ ಇರುತ್ತಿದ್ದವು. ಸುಟ್ಟದ್ದು ವಾಸನೆಯಿಂದ ಮಾತ್ರ ತಿಳಿಯುತ್ತಿತ್ತು, ಓಹೋ ಕೈ ಒಲೆಯಲ್ಲಿದೆ ಎಂದು ತೆಗೆದುಕೊಳ್ಳುತ್ತಿದ್ದರು. ಆಗ ಆಗದ ಉರಿಯೆಲ್ಲ ಈಗ ಬಂದಿತ್ತು. ಒಂದೊಂದಾಗಿ ಬರುತ್ತಿತ್ತು, ಸರದಿಯಲ್ಲಿ ನಿಂತು ಬಂದ ಹಾಗೆ. ಅವಳು ಬೆರಳಿನಿಂದ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದಳು. "ಇದು ದೋಸೆ ಕಾವಲಿಯದ್ದು. ಇದು ನಮ್ಮ ಮದುವೆಯ ವರ್ಷ ಗಂಜಿ ಬಸಿಯುವಾಗ ಆದದ್ದು. ಇದು ಎಣ್ಣೆ ಹಾರಿದ್ದು, ನೀವು ಪಕ್ಕದಲ್ಲೇ ನಿಂತು ಏನೋ ಕಥೆ ಹೇಳ್ತಾ ಇದ್ದಿರಿ." ಕಡೆಗೆ ಎಡಗೈಯ ಅಂಗೈ ಪೂರ್ತಿ ಮುಚ್ಚಿದ್ದ ಒಂದು ದೊಡ್ಡ ಕಲೆಯ ಹತ್ತಿರ ಬಂದಳು. "ಇದು ಅಮ್ಮ ನಿಂತುಹೋದ ದಿನದ್ದು. ಅವಳನ್ನು ಜಗಲಿಗೆ ಆನಿಸಿ ಬಂದು, ಒಲೆಯ ಕಲ್ಲಿನ ಮೇಲೆ ಕೈಯಿಟ್ಟು ಕೂತಿದ್ದೆ. ಎರಡೂ ಗೊತ್ತಾಗ್ಲಿಲ್ಲ."

ಅವಳು ಅತ್ತಳು. ಆ ಊರಿನಲ್ಲಿ ಅಳು ಎಂದರೆ ಕಣ್ಣಿಗೆ ಹೊಗೆ ಹೋದಾಗ ಆಗುವುದು. ಇದು ಹೊಟ್ಟೆಯಿಂದ ಬಂತು, ಹೆಗಲು ಅಲ್ಲಾಡಿಸಿಕೊಂಡು ಬಂತು.

ಗಂಟೆಯಾತನಿಗೆ ಹೆದರಿಕೆಯಾಯಿತು. "ಡ್ರೈವರಣ್ಣ, ಈಗಲೇ ವಾಪಸು ಹೋದರೆ?"

"ಹೋಗಬಹುದು," ಎಂದ ಡ್ರೈವರ. "ಅರ್ಧಕ್ಕೆ ತಿರುಗಿಸಿದರೆ ಬಿಟ್ಟದ್ದೆಲ್ಲ ವಾಪಸು ಹಿಡೀತದೆ. ಉರಿ ಇರುದಿಲ್ಲ. ನಿಮ್ಮಿಷ್ಟ."

ಗಂಟೆಯಾತ ಅವಳ ಮುಖ ನೋಡಿದ. ಅವಳು ಮೂಗು ಒರೆಸಿಕೊಂಡಳು. "ಬೇಡ," ಎಂದಳು. "ಇಷ್ಟೊಂದು ನೋವು ನನ್ನ ಹತ್ತಿರ ಉಂಟು ಅಂತಲೇ ಗೊತ್ತಿರ್ಲಿಲ್ಲ. ಪೂರ್ತಿ ಬರಲಿ. ನೀವು ಏನಾದರೂ ಮಾತಾಡಿ, ಬಸ್ಸು ಹೋಗ್ಲಿ."

"ಎಂತ ಮಾತಾಡುದು?" ಎಂದ ಅವನು. ನಿಜವಾಗಿಯೂ ಕೇಳಿದ. ನಾಲಿಗೆ ಈಗ ಒಂದೊಂದು ಮಾತನ್ನೂ ರುಚಿ ನೋಡುತ್ತಿತ್ತು, ಹೆಚ್ಚಿನವು ಸಪ್ಪೆಯಿದ್ದವು.

"ಎಂತಾದರೂ."

ಅವನು ಅವಳ ಕೈಗಳನ್ನು ಹಿಡಿದುಕೊಂಡು, ಒಂದೊಂದು ಕಲೆಗೂ ಬಾಯಿಯಿಂದ ಗಾಳಿ ಊದಿದ. "ಇದು ದೋಸೆ ಕಾವಲಿಯದ್ದು," ಎಂದ. ಬಸ್ಸು ಹೊರಟಿತು. "ಇದು ಗಂಜಿಯದ್ದು. ಇದು ನಾನು ನೋಡದೆ ಹೋದದ್ದು." ಹೀಗೆ ಅವಳು ಹೇಳಿದ್ದನ್ನೇ ಅವನು ತಿರುಗಿಸಿ ತಿರುಗಿಸಿ ಹೇಳುತ್ತ ಹೋದ, ಊದುತ್ತ ಹೋದ. ರಸ್ತೆ ನೀರಿನ ಅಂಚು ಬಿಡಲಿಲ್ಲ. ಬಿಸಿಲು ಕೆಳಗಿಳಿದು ನೀರಿನ ಮೇಲೆ ಒಂದು ಹಾದಿ ಹಾಸಿತು. ಬಸ್ಸು ಎಲ್ಲಿ ತಿರುಗಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರು ಬಾಗಿಲಜ್ಜಿಯ ಎದುರಿಗೆ ಇಳಿದರು. ಒಳಗೆ ಬಂದು ಹಿಂದೆ ತಿರುಗಿ ನೋಡಿದರೆ ಅಲ್ಲಿ ಗೋಡೆ, ಕಲ್ಲಿನದ್ದು, ಪಾಚಿ ಹಿಡಿದದ್ದು.

ಮನೆಗೆ ಬಂದು ಹಂಡೆಗೆ ಬೆಂಕಿ ಹಾಕಿದರು. ನೀರು ಕಾದಾಗ ಗಂಟೆಯಾತ ಎಂದಿನಂತೆ ಚಪ್ಪರದಿಂದ ಎಲೆ ಕಿತ್ತು ತಂದ. ಅವಳು ಅಷ್ಟರಲ್ಲಿ ಹಂಡೆಯೊಳಗೆ ಕೈ ಹಾಕಿದ್ದಳು. "ಹ್ಹಾ," ಎಂದು ತೆಗೆದಳು. ಮತ್ತೆ ಹಾಕಿದಳು. "ಸುಡ್ತದೆ. ಒಂದು ಚೆಂಬು ತಣ್ಣೀರು ಹಾಕಿ. ಎಲೆ ಬಿಸಾಡಬೇಡಿ, ನಾಳೆಗೆ ಸಾಂಬಾರು ಮಾಡ್ತೇನೆ."

ಪಕ್ಕದ ಮನೆಯಲ್ಲಿದ್ದವಳು ಬುಟ್ಟಿಯಾಕೆ. ಊರಿನ ಎಲ್ಲ ಮನೆಗಳಲ್ಲಿ ತೂಗುವ ಬುಟ್ಟಿಗಳು ಅವಳ ಕೈಯವೇ. ಒಂಟಿ ಹೆಂಗಸು. ಜೋಮು ಅವಳ ಕೊರಳನ್ನು ದಾಟಿರಲಿಲ್ಲ, ಆದರೆ ಕೊರಳಿನಲ್ಲೇ ಇತ್ತು. ಮಾತು ಗಾಳಿಯ ಹಾಗೆ ಬರುತ್ತಿತ್ತು, ಹತ್ತಿರ ಹೋದರೆ ಮಾತ್ರ ಕೇಳುತ್ತಿತ್ತು. ಮಾರನೆಯ ದಿನ ಬಸಳೆ ಸಾಂಬಾರಿನ ವಾಸನೆ ಬೇಲಿ ದಾಟಿದ ಮೇಲೆ ಅವಳಿಗೆ ಗೊತ್ತಾಗಿಹೋಯಿತು. ಬೇಲಿಯ ಹತ್ತಿರ ಬಂದು ನಿಂತಳು.

"ಗಂಟೆಯಣ್ಣ, ಹೋಗಿ ಬಂದಿರಲ್ಲ?"

ಅವನು ಬಾಯಿ ತೆರೆದ. ಏಡಿ, ಅಜ್ಜಿ, ಸೇತುವೆ, ಹಸಿರು ನೀಲಿಯ ಗೆರೆ, ಎಲ್ಲ ನಾಲಿಗೆಯ ತುದಿಗೆ ಬಂದು ಕೂತವು. ಹೇಳಿದರೆ ಅವಳು ನಾಳೆ ಮುಚ್ಚಳವಿಲ್ಲದ ಡಬ್ಬಿ ಹಿಡಿದು ಏಡಿ ಹುಡುಕಿಕೊಂಡು ಹೊರಡುತ್ತಾಳೆ. ಊರಿಗೆ ಊರೇ ಡಬ್ಬಿ ಹಿಡಿದು ಹೊರಡುತ್ತದೆ. ಎಲ್ಲರ ಹೊಟ್ಟೆಯಲ್ಲೂ ಉತ್ತರ, ಎಲ್ಲರ ಎದುರಿಗೂ ಗೋಡೆ. ಅವನು ಬಾಯಿ ಮುಚ್ಚಿದ.

"ಹೇಗೆ ಹೋದ್ರಿ ಅಂತ ಹೇಳಿ. ನನಗೆ ಹೆಚ್ಚು ದಿನ ಇಲ್ಲ ಅಣ್ಣ."

ಅವನು ಮುಖ ತಿರುಗಿಸಿಕೊಂಡು ಒಳಗೆ ಹೋದ. ಹಿಂದಿನಿಂದ ಅವಳ ಗಾಳಿಯಂಥ ಮಾತು ಬಂತು. "ಜಂಬದವರು." ಅದು ಅವನೇ ಇಟ್ಟ ಹೆಸರು. ಅದಕ್ಕೆ ರುಚಿ ಬಹಳ ಕಹಿಯಿತ್ತು.

ಮೂರು ದಿನ ಅವನು ಜಗಲಿಗೆ ಬರಲಿಲ್ಲ. ಬಾವಿಕಟ್ಟೆಗೂ ಹೋಗಲಿಲ್ಲ. "ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ," ಎಂದ ಹೆಂಡತಿಯ ಹತ್ತಿರ. "ಅವಳು ನಿಂತುಹೋದರೆ ಧೂಳು ಒರೆಸುವವರೂ ಇಲ್ಲ."

ಅವಳು ಅಕ್ಕಿ ಡಬ್ಬಿಯನ್ನು ಒರೆಸುತ್ತಿದ್ದಳು. ಅದರ ಅಕ್ಕಿ ಇನ್ನೂ ಹಿಟ್ಟಾಗಿರಲಿಲ್ಲ. "ನನಗೆ ನೀವು ಎಂತ ಹೇಳಿದ್ರಿ ಅವತ್ತು?" ಎಂದಳು.

"ಎಂತ ಹೇಳಿದೆ? ಬಾಯಲ್ಲಿ ಬೈರಾಸಿತ್ತು."

"ಹಾಂ," ಎಂದು ಅವಳು ಮುಚ್ಚಳವನ್ನು ಡಬ್ಬಿಗೆ ಹಾಕಿ ಟಪ್ಪೆಂದು ಒತ್ತಿದಳು.

ಗಂಟೆಯಾತ ಆ ಮುಚ್ಚಳವನ್ನು ನೋಡಿದ. ಆಮೇಲೆ ಎದ್ದ. ಡಬ್ಬಿಯನ್ನು ಸೊಂಟಕ್ಕೆ ಇಟ್ಟುಕೊಂಡ. ಬೇಲಿ ದಾಟಿ ಬುಟ್ಟಿಯಾಕೆಯ ಅಂಗಳಕ್ಕೆ ಹೋದ. ಅವಳು ಒಂದು ಬುಟ್ಟಿಯನ್ನು ಅರ್ಧ ಹೆಣೆದು, ಬೆತ್ತ ನೆನೆಹಾಕಲು ತಿರುಗಿದ್ದಳು. ಅವನು ಆ ಅರ್ಧ ಬುಟ್ಟಿಯನ್ನು ಎತ್ತಿಕೊಂಡು ಹೊರಟ.

"ಅದೆಂತ ಮಾಡ್ತೀರಿ? ಇಡಿ ಅದನ್ನು."

ಅವನು ಹೆಜ್ಜೆ ಬೀಸಾಗಿ ಹಾಕಿದ. ಹೆಣೆಯದೆ ಉಳಿದ ಬೆತ್ತದ ಸೀಳುಗಳು ಬುಟ್ಟಿಯಿಂದ ಇಳಿಬಿದ್ದು, ಬೀದಿಯ ಮಣ್ಣಿನ ಮೇಲೆ ಹತ್ತು ಬಾಲಗಳ ಹಾಗೆ ಸರಸರ ಎಳೆದುಕೊಂಡು ಬಂದವು. ಕೆಲಸಗಾರರಿಗೆ ಅರ್ಧಕ್ಕೆ ಬಿಟ್ಟ ಕೆಲಸ ಕಣ್ಣೆದುರಿಗೆ ಬೀದಿಪಾಲಾಗುವುದನ್ನು ನೋಡಿಕೊಂಡು ನಿಲ್ಲಲಾಗುವುದಿಲ್ಲ. ಅವಳು ಹಿಂದೆ ಓಡಿದಳು. "ಗಂಟೆಯಣ್ಣ, ಗಂಟು ಬಿಚ್ಚಿಹೋಗ್ತದೆ. ಕಳ್ಳ ಮುದುಕ, ನಿಲ್ಲಿ," ಎಂದು ಅವಳು ಬೈಯುತ್ತಿದ್ದುದು ಅವಳ ಪಕ್ಕದಲ್ಲಿ ಹೋಗುತ್ತಿದ್ದ ನಾಯಿಗೂ ಕೇಳುತ್ತಿರಲಿಲ್ಲ. ಗಂಟೆಯಾತ ಓಡಿದ. ಅರವತ್ತು ತುಂಬಿದ ಮನುಷ್ಯ, ಒಂದು ಕಂಕುಳಲ್ಲಿ ಅಕ್ಕಿ ಡಬ್ಬಿ, ಇನ್ನೊಂದು ಕಂಕುಳಲ್ಲಿ ಬಾಲವಿರುವ ಬುಟ್ಟಿ, ಮೂರು ಬೀದಿ ಓಡಿದ. ಜಗಲಿಗಳಿಗೆ ಆನಿಸಿಟ್ಟ ನಿಂತವರು ನೋಡುತ್ತಿದ್ದರು.

ಬಾಗಿಲಜ್ಜಿ ತಲೆಯೆತ್ತಲಿಲ್ಲ. ಅವನು ಬುಟ್ಟಿಯನ್ನು ಬಾಗಿಲಿಗೆ ತಾಗಿಸಿ ಇಟ್ಟು, ಪಕ್ಕಕ್ಕೆ ಸರಿದು, ಬೈರಾಸನ್ನು ಬಾಯಿಗೆ ತುರುಕಿಕೊಂಡ.

ಬುಟ್ಟಿಯಾಕೆ ಏದುಸಿರು ಬಿಡುತ್ತ ಬಂದು ಬಗ್ಗಿ ಬುಟ್ಟಿಯನ್ನು ಎತ್ತಿಕೊಂಡಳು. ಬಿಚ್ಚಿದ ಗಂಟನ್ನು ಹುಡುಕುತ್ತಿದ್ದಳು.

"ಎಲ್ಲಿಗೆ?" ಎಂದಳು ಅಜ್ಜಿ.

"ಯಾರಿಗೆ ಗೊತ್ತು ಎಲ್ಲಿಗೆ," ಎಂದಳು ಬುಟ್ಟಿಯಾಕೆ, ಗಂಟಿನಿಂದ ಕಣ್ಣು ತೆಗೆಯದೆ. "ಈ ಮುದುಕ ಎಳೆದುಕೊಂಡು ಬಂದ ಅಂತ ಬಂದೆ."

ಪಡಿಗಳು ತೆರೆದ ಸದ್ದಾಯಿತು. ಗಂಟೆಯಾತ ನೋಡಿದ. ಅವನಿಗೆ ಕಂಡದ್ದು ಗೋಡೆ. ಕಲ್ಲಿನದ್ದು, ಪಾಚಿ ಹಿಡಿದದ್ದು. ಆದರೆ ಬುಟ್ಟಿಯಾಕೆ ತಲೆಯೆತ್ತಿದವಳು ಹಾಗೇ ಉಳಿದಳು. ಅವಳ ಸೆರಗು ಹಿಂದಕ್ಕೆ ಹಾರಿತು. ಊರಿನೊಳಗೆ ಗಾಳಿಯೇ ಇರಲಿಲ್ಲ. ಕೈಯಿಂದ ಅರ್ಧ ಬುಟ್ಟಿ ಜಾರಿ ಹೊಸಿಲಿನ ಈಚೆಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಕಲ್ಲಿನ ಕಡೆಗೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಕಲ್ಲಿನೊಳಗೆ ಹೋದಳು.

ಪಡಿಗಳು ಮುಚ್ಚಿದವು. ಗಂಟೆಯಾತ ಬಾಯಿಂದ ಬೈರಾಸು ತೆಗೆದು ತುಟಿ ಸವರಿಕೊಂಡ. ನ್ಯಾಯವಾಗಿ ಅಲ್ಲಿ ಏನೂ ಇರಬಾರದಿತ್ತು. ನಾಲಿಗೆಗೆ ಸ್ವಲ್ಪ ಉಪ್ಪು ತಾಗಿತು.

"ನಿನಗೆ ಎಲ್ಲಿಗೆ?" ಎಂದಳು ಅಜ್ಜಿ.

"ಗಿರಣಿಗೆ ಅಜ್ಜಿ," ಎಂದ ಅವನು. ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿ, ಬಿದ್ದಿದ್ದ ಅರ್ಧ ಬುಟ್ಟಿಯನ್ನು ಎತ್ತಿ ಅಜ್ಜಿಯ ಹಿಡಿಸೂಡಿ ಕಡ್ಡಿಗಳ ಪಕ್ಕದಲ್ಲಿಟ್ಟು, ಬೀದಿಗೆ ಇಳಿದ. ತಿರುವಿನಲ್ಲಿ, ಎತ್ತಿಕೊಂಡು ಓಡಿದರೆ ಯಾರಾದರೂ ಹಿಂದೆ ಓಡಿಬರುವಂಥದ್ದು ಏನುಂಟು ಎಂದು ಎರಡು ಕಡೆಯ ಮನೆಗಳ ಜಗಲಿಗಳನ್ನೂ ಒಂದು ಸಲ ನೋಡಿದ. ಒಂದರ ಮೇಲೆ ಯಾರದೋ ಚೆಂಬು ಇತ್ತು. ಇನ್ನೊಂದರ ಮೇಲೆ ಒಂದೇ ಚಪ್ಪಲಿ.